ಕಾಯಿಲೆ ಇಲ್ಲದವಳನ್ನು ಕೇಳಲು ಬಂದರು

ಭದ್ರಾವತಿಯ ಜನ್ನಾಪುರದಲ್ಲಿ ವಸಂತಮ್ಮನಿಗೆ ತೆಂಗಿನಕಾಯಿ ಮಾರುವುದು ಹುಡುಗಾಟವಲ್ಲ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ತಟ್ಟಿ, ಕೊನೆಗೆ ಅಂಗಡಿಯವನ ಮುಖವನ್ನೂ ಒಮ್ಮೆ ಪರೀಕ್ಷಿಸಿದ ಮೇಲೆಯೇ ಅದು ಚೀಲಕ್ಕೆ ಬೀಳುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಹಾಲಿನವನಿಗೇ ಹೇಳಿದ ಹೆಂಗಸು ಅವಳು. ಗಂಡ ಬದುಕಿದ್ದಾಗ ಕಾಗದನಗರದ ಕಾರ್ಖಾನೆಯಿಂದ ಪಾಳಿ ಮುಗಿಸಿ ತಡವಾಗಿ ಬಂದರೆ, ಸೈಕಲ್ಲಿನ ಚಕ್ರಕ್ಕೆ ಮೆತ್ತಿದ ಮಣ್ಣು ನೋಡಿ ಎಲ್ಲಿಗೆ ಹೋಗಿದ್ದ ಎಂದು ಹೇಳಿಬಿಡುತ್ತಿದ್ದಳು. ಹೆಚ್ಚಿನ ಸಲ ತಪ್ಪಾಗಿಯೇ ಹೇಳುತ್ತಿದ್ದಳು ಅನ್ನುವುದು ಬೇರೆ ಮಾತು.

ಅವಳ ಅನುಮಾನದಿಂದ ಪಾರಾದ ಜೀವ ಎಂದರೆ ಎದುರು ಮನೆಯ ಹೂವಮ್ಮ ಒಬ್ಬಳೇ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕುತ್ತಿದ್ದರು. ಒಬ್ಬಳು ಸುಣ್ಣ ಹಚ್ಚಿ ಮಡಿಸಿ ಕೊಟ್ಟ ಎಲೆಯನ್ನು ಇನ್ನೊಬ್ಬಳು ಬೇಡ ಅನ್ನುವಂತಿಲ್ಲ, ಅಂದರೆ ಜಗಳವೇ. ಮದುವೆಯಾಗಿ ಬಂದ ಹೊಸತರಲ್ಲಿ ಹೂವಮ್ಮ ಹಲ್ಲುನೋವಿನಿಂದ ಅಳುತ್ತಿದ್ದಾಗ, ಹೊಗೆಸೊಪ್ಪಿನ ಚೂರೊಂದನ್ನು ಎಲೆಯಲ್ಲಿ ಮಡಿಸಿ ಅವಳ ದವಡೆಗೆ ಇಟ್ಟವಳು ವಸಂತಮ್ಮ. ನೋವು ಹೋಯಿತು, ಚಟ ಉಳಿಯಿತು.

ಈ ವರ್ಷ ಹೂವಮ್ಮನ ಕೆನ್ನೆಯ ಒಳಗೆ ಎದ್ದ ಹುಣ್ಣು ಏನು ಮಾಡಿದರೂ ಮಾಯಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಅಂದರು, ಆಪರೇಷನ್ ಮಾಡಿದರು. ಅವಳು ಮನೆಗೆ ಬಂದ ದಿನ ವಸಂತಮ್ಮ ಗಂಜಿ ಕೊಟ್ಟು, ಹೊಲಿಗೆ ಹಾಕಿದ ಕೆನ್ನೆ ನೋಡಲಾರದೆ ಓಡಿಬಂದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ‘ಇದಕ್ಕೆಲ್ಲ ನೀನೇ ಕಾರಣ’ ಎಂದು ಹೂವಮ್ಮ ಒಂದು ದಿನ ಅಂದೇ ಅನ್ನುತ್ತಾಳೆ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಬ್ಯಾಗು ಹಾಕಿಕೊಂಡ ಹುಡುಗಿಯೊಬ್ಬಳು ಹೂವಮ್ಮನ ಮನೆಯಿಂದ ಹೊರಬಂದು ನೇರ ತನ್ನ ಮನೆಗೇ ಬರುವುದನ್ನು ವಸಂತಮ್ಮ ಕಿಟಕಿಯಿಂದ ಕಂಡಳು. ಹೆಸರು ಇರಂ, ಶಿವಮೊಗ್ಗದವಳು, ಬಾಯಿ ಕ್ಯಾನ್ಸರ್ ಬಗ್ಗೆ ಅಧ್ಯಯನ ಮಾಡುವವರ ಕಡೆಯಿಂದ ಬಂದಿದ್ದೇನೆ ಎಂದಳು.

“ನಂಗೇನೂ ಕಾಯಿಲೆ ಇಲ್ಲ ಕಣಮ್ಮ. ಮನೆ ತಪ್ಪಿ ಬಂದಿದೀಯ.”

“ಕಾಯಿಲೆ ಇಲ್ಲ ಅಂತಲೇ ನಿಮ್ಮ ಹತ್ರ ಬಂದಿದ್ದು ಅಮ್ಮ.”

ಇದೆಂಥ ಮಾತು! ಇರಂ ಸಮಾಧಾನವಾಗಿ ಬಿಡಿಸಿ ಹೇಳಿದಳು. “ಕಾಯಿಲೆ ಬಂದವರನ್ನ ಒಂದು ಕಡೆ, ಅದೇ ಏರಿಯಾದ ಅದೇ ವಯಸ್ಸಿನ ಚೆನ್ನಾಗಿರೋರನ್ನ ಇನ್ನೊಂದು ಕಡೆ ಇಟ್ಕೊಂಡು, ಇಬ್ಬರಿಗೂ ಹಿಂದಿನ ಅಭ್ಯಾಸಗಳ ಬಗ್ಗೆ ಒಂದೇ ಪ್ರಶ್ನೆ ಕೇಳ್ತೀವಿ. ಸೂಜಿ ಇಲ್ಲ, ಮಾತ್ರೆ ಇಲ್ಲ. ಕಾಯಿಲೆಯವರನ್ನ ಮಾತ್ರ ಕೇಳಿದ್ರೆ ಅವರೆಲ್ಲ ಅನ್ನಾನೂ ತಿಂದಿರ್ತಾರೆ, ಅನ್ನದಿಂದಲೇ ಬಂತು ಅನ್ನೋಕಾಗುತ್ತಾ? ಇಬ್ಬರಲ್ಲೂ ವ್ಯತ್ಯಾಸ ಎಲ್ಲಿದೆ ಅಂತ ನೋಡ್ಬೇಕು.”

“ಅದಿರ್ಲಿ, ಎದುರು ಮನೆಯೋಳು ನನ್ ವಿಷಯ ಏನ್ ಹೇಳಿದ್ಲು?”

“ಬೇರೆಯವರ ಮಾತನ್ನ ನಾನು ಹೇಳೋ ಹಾಗಿಲ್ಲ ಅಮ್ಮ.”

ಹೇಳುವ ಹಾಗಿಲ್ಲವಂತೆ! ಅಂದರೆ ಹೇಳುವಂಥದ್ದು ಏನೋ ಇದೆ. ಹೂವಮ್ಮ ಎಲ್ಲವನ್ನೂ ಬಾಯಿಬಿಟ್ಟಿದ್ದಾಳೆ, ಈ ಹುಡುಗಿ ಅದನ್ನು ಖಾತ್ರಿ ಮಾಡಿಕೊಳ್ಳಲು ಬಂದಿದ್ದಾಳೆ ಎಂದು ವಸಂತಮ್ಮ ತೀರ್ಮಾನಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಎಲೆ ಅಡಿಕೆ, ಹೊಗೆಸೊಪ್ಪು ಹಾಕ್ತೀರಾ? ಹಾಕೋರಾದ್ರೆ ಡಾಕ್ಟರ್ ಹತ್ರ ಬಾಯಿ ಪರೀಕ್ಷೆ ಮಾಡಿಸ್ತೀವಿ.”

“ಥೂ! ಮುಟ್ಟಿದೋಳೇ ಅಲ್ಲ.”

ಇರಂ ವಾದಿಸಲಿಲ್ಲ. ಏನಾದರೂ ನೆನಪಾದರೆ ಫೋನ್ ಮಾಡಿ ಎಂದು ನಂಬರ್ ಕೊಟ್ಟು ಹೋದಳು.

ಮಧ್ಯಾಹ್ನದವರೆಗೂ ಹೇಗೋ ತಡೆದುಕೊಂಡು, ಕೊನೆಗೆ ಆಗದೆ ವಸಂತಮ್ಮ ಎದುರು ಮನೆಗೆ ನುಗ್ಗಿದಳು. “ಹೊಗೆಸೊಪ್ಪು ಕಲಿಸಿದ್ದು ನಾನು ಅಂತ ಹೇಳ್ಬಿಟ್ಯಲ್ಲ?”

ಆಪರೇಷನ್ ಆದಮೇಲೆ ಹೂವಮ್ಮನ ಮಾತು ತೊದಲುತ್ತಿತ್ತು. “ಹೆಂಗೆ ಶುರುವಾಯ್ತು ಅಂತ ಕೇಳಿದ್ಲು. ಹಲ್ಲುನೋವಿಗೆ ನಾನೇ ಇಟ್ಕೊಂಡೆ ಅಂದೆ. ನಿನ್ ಹೆಸರು ಯಾಕೆ ಬೇಕಿತ್ತು ಮಾರಾಯ್ತಿ? ನೋವು ಹೋಗ್ಲಿ ಅಂತ ಕೊಟ್ಟಿದ್ದಲ್ವಾ ನೀನು?”

ವಸಂತಮ್ಮ ತಿರುಗಿ ಬಾಗಿಲ ಕಡೆ ಹೆಜ್ಜೆ ಹಾಕಿದಳು.

“ನಿನ್ ಬಾಯಿ ಯಾವಾಗ ನೋಡ್ತಾರಂತೆ?” ಎಂದು ಹೂವಮ್ಮ ಕೇಳಿದಳು.

“ನೋಡಲ್ಲ. ನಾನು ಮುಟ್ಟೋದೇ ಇಲ್ಲ ಅಂದೆ.”

“ಹುಚ್ಚಿ!” ಹೂವಮ್ಮ ಸಿಡಿದಳು. “ನಂದನ್ನ ಯಾರಾದ್ರೂ ಮೊದಲೇ ನೋಡಿದ್ದಿದ್ರೆ ಇಷ್ಟು ಕುಯ್ತಿರ್ಲಿಲ್ಲ ಕಣೆ. ಬಾ ಬೆಳಕಿಗೆ. ತೆಗಿ ಬಾಯಿ!”

ಮೊಬೈಲಿನ ಟಾರ್ಚ್ ಹಿಡಿದು, ಬೆರಳಿನಿಂದ ಕೆನ್ನೆ ಎತ್ತಿ, ಹೂವಮ್ಮ ಮೂಲೆ ಮೂಲೆ ಹುಡುಕಿದಳು. ಬಾಯಿ ತೆರೆದುಕೊಂಡೇ ವಸಂತಮ್ಮ ಅವಳ ಮುಖವನ್ನು ಹುಡುಕುತ್ತಿದ್ದಳು. ಒಂದೇ ತಟ್ಟೆಯಲ್ಲಿ ತಿಂದೆವು, ಬಂದದ್ದು ಇವಳೊಬ್ಬಳಿಗೆ. ನನಗೂ ಬರಲಿ ಎಂಬ ಒಂದು ಎಳೆಯಾದರೂ ಆ ಕಣ್ಣಲ್ಲಿ ಇದ್ದೇ ಇರುತ್ತದೆ, ಹಿಡಿಯುತ್ತೇನೆ ಎಂದು ನೋಡಿದಳು.

“ಬಿಳಿ ಕಲೆ ಗಿಲೆ ಏನೂ ಕಾಣ್ತಿಲ್ಲ ಕಣೆ,” ಎಂದ ಹೂವಮ್ಮನ ಕಣ್ಣು ತುಂಬಿತ್ತು. ಹೊಲಿಗೆಯಿಲ್ಲದ ಅರ್ಧ ಮುಖ ನಗುತ್ತಿತ್ತು. “ಆದ್ರೂ ಡಾಕ್ಟರ್‌ಗೆ ತೋರಿಸು.”

ವಸಂತಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಲ್ಲೇ ಕೂತು ಇರಂಗೆ ಫೋನ್ ಮಾಡಿದಳು.

“ಬೆಳಿಗ್ಗೆ ಸುಳ್ಳು ಹೇಳಿದ್ದೆ ಕಣಮ್ಮ. ನಾನೂ ತಿಂತೀನಿ, ಹೊಗೆಸೊಪ್ಪೂ ತಿಂತೀನಿ. ಹೂವಮ್ಮಂಗೆ ಕಲಿಸಿದ್ದೂ ನಾನೇ.”

ಹೂವಮ್ಮ ಬೇಡ ಬೇಡವೆಂದು ಅವಳ ಕೈ ಎಳೆದಳು.

“ಹೇಳಿದ್ದು ಒಳ್ಳೇದಾಯ್ತು ಅಮ್ಮ,” ಎಂದಳು ಇರಂ. “ಸೋಮವಾರ ಬಾಯಿ ತೋರಿಸೋಕೆ ಬನ್ನಿ. ಯಾವಾಗಿಂದ ತಿಂತಿದೀರ?”

ವಸಂತಮ್ಮ ಆ ಹೊಲಿಗೆಯ ಕೆನ್ನೆಯನ್ನು ಮೊದಲ ಸಲ ಕಣ್ಣು ತಪ್ಪಿಸದೆ ನೋಡಿದಳು.

“ಇವಳಿಗಿಂತ ಮುಂಚಿಂದ,” ಎಂದಳು.