ಟವರಿನ ಮೇಲೆ ಹಲಸಿನ ಹಪ್ಪಳ

ಡೊಂಬಿವಲಿಯ ನಮ್ಮ ಮೂರು ಮಹಡಿಯ ಹಳೇ ಬಿಲ್ಡಿಂಗನ್ನು ಕೆಡವಿ ಟವರ್ ಕಟ್ಟುವ ಮಾತು ಬಂದಾಗ ಎಲ್ಲರಿಗೂ ಖುಷಿ, ಅಮ್ಮನೊಬ್ಬಳನ್ನು ಬಿಟ್ಟು. ಲಿಫ್ಟು, ಜಿಮ್ಮು, ಕಾರ್ ಪಾರ್ಕಿಂಗ್ ಎಂದು ಕುಣಿದದ್ದೇ ಕುಣಿದದ್ದು! ಒಬ್ಬರ ಹತ್ತಿರವೂ ಕಾರಿರಲಿಲ್ಲ, ಆ ಮಾತು ಬೇರೆ. ಮೀಟಿಂಗಿನಲ್ಲಿ ಬಿಲ್ಡರನ ಕಡೆಯವನು ಬಣ್ಣದ ಚಿತ್ರ ಹಿಡಿದು ತಲೆ ಕೊರೆದು ಮುಗಿಸಿದ ಮೇಲೆ ಅಮ್ಮ ಎದ್ದು ನಿಂತು ತನ್ನ ಉಡುಪಿ ಮರಾಠಿಯಲ್ಲಿ ಕೇಳಿದಳು: “ಊನ್ ಆಹೇ ಕಾ?” ಬಿಸಿಲು ಇದೆಯಾ ಅಂತ.

ಅವಳ ಚಿಂತೆ ಟೆರೇಸಿನದ್ದು. ಪ್ರತಿ ಬೇಸಿಗೆಯಲ್ಲೂ ಅಲ್ಲಿ ಅಮ್ಮನ ಹಲಸಿನ ಹಪ್ಪಳ, ಪಕ್ಕದ ಮನೆಯ ಮರಾಠಿ ಕಾಕೂವಿನ ಸಂಡಿಗೆ ಒಣಗುತ್ತಿದ್ದವು. ಇಬ್ಬರೂ ಒಂದೇ ಕೊಡೆಯಡಿ ಕೂತು ಕೋಲಿನಿಂದ ಕಾಗೆ ಓಡಿಸುತ್ತ, ಬಾಯ್ತುಂಬ ಸೊಸೆಯಂದಿರನ್ನು ಬೈಯುತ್ತಿದ್ದರು. ನನ್ನ ಹೆಂಡತಿಗೆ ಅದೆಲ್ಲ ಗೊತ್ತಿತ್ತು.

“ಟೆರೇಸ್ ಇಲ್ಲದಿದ್ರೆ ನಾನು ಸೈನ್ ಮಾಡುದಿಲ್ಲ, ನೋಡು” ಎಂದು ಅಮ್ಮ ಹಟ ಹಿಡಿದಳು. ಟೆರೇಸು ಎಲ್ಲರದ್ದೂ ಎಂದು ಬಿಲ್ಡರನ ಕಡೆಯವನು ಹೇಳಿದ ಮೇಲೆಯೇ ಸಹಿ ಬಿದ್ದದ್ದು.

ಟವರ್ ಎದ್ದಿತು. ಆದರೆ ಅದರ ತಿಂಗಳ ಖರ್ಚು ತಡೆಯಲಾರದೆ ಹಳಬರು ಒಬ್ಬೊಬ್ಬರಾಗಿ ಫ್ಲ್ಯಾಟು ಮಾರಿದರು. ಕಾಕೂ ಕೂಡ ದೂರದ ಬದಲಾಪುರಕ್ಕೆ ಹೋದಳು. ಹೊಸಬರು ಲಿಫ್ಟಿನಲ್ಲಿ ಮೊಬೈಲಿನಿಂದ ತಲೆ ಎತ್ತುವವರಲ್ಲ. ನಮ್ಮ ಹೊಸ ಮನೆಯನ್ನು ಅಮ್ಮ ‘ಲಾಡ್ಜು’ ಎಂದೇ ಕರೆಯುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು.

ಟೆರೇಸಿಗೀಗ ‘ಸ್ಕೈ ಡೆಕ್’ ಎಂಬ ಹೆಸರು, ಪ್ಲಾಸ್ಟಿಕ್ ಹುಲ್ಲು, ಬಾಗಿಲಲ್ಲೇ ಬೋರ್ಡು: ಇಲ್ಲಿ ಬಟ್ಟೆ ಒಣಹಾಕಬಾರದು. ಬೇಸಿಗೆ ಬಂದದ್ದೇ ತಡ, ಅಮ್ಮ ನನ್ನನ್ನೂ ಎಳಕೊಂಡು ಹೋಗಿ, ಹಳೇ ಸೀರೆ ಹಾಸಿ ಹಪ್ಪಳ ಹರಡಿಯೇಬಿಟ್ಟಳು. ಸೊಸೈಟಿಯ ಸೆಕ್ರೆಟರಿ ಓಡಿ ಬಂದ. ಮಹಾಪೆಯಲ್ಲಿ ಐಟಿ ಕೆಲಸದವನು, ಹೊಸಬ.

“ಆಂಟೀ, ಬೋರ್ಡ್ ನಹೀ ಪಢಾ?”

“ಪಢಾ. ಯೇ ಕಪಡಾ ನಹೀ, ಪಾಪಡ್ ಹೈ.” ಇದು ಬಟ್ಟೆಯಲ್ಲ, ಹಪ್ಪಳ ಅಂತ.

“ನೀಚೇ ಸಾಡೀ ಹೈ ನಾ?” ಕೆಳಗೆ ಹಾಸಿದ್ದು ಸೀರೆಯಲ್ಲವೇ ಎಂದು ಅವನು.

“ಹಾಥ್ ಲಗಾಕೇ ದೇಖೋ, ಸೂಖೀ ಹೈ!”

ಒಣಗಿದ ಸೀರೆಯನ್ನು ಯಾರಾದರೂ ಒಣಹಾಕುತ್ತಾರೆಯೇ! ಅವನು ನಿಜವಾಗಿಯೂ ಬಗ್ಗಿ ಸೆರಗು ಮುಟ್ಟಿ ನೋಡಿದ. ನನಗೆ ನಗು ತಡೆಯಲಿಲ್ಲ. “ಎಂತ ಮಾರಾಯ ಹಲ್ಲು ಕಿರಿಯುದು? ಆ ಬದಿ ಸರಿ ಮಾಡು” ಎಂದು ಅಮ್ಮ ನನ್ನನ್ನೇ ಗದರಿದಳು. ಅವನು ಇಳಿದು ಹೋದ.

ಇನ್ನು ಕಮಿಟಿಯ ನೋಟಿಸು ಬಂದಂತೆಯೇ ಎಂದುಕೊಂಡೆ. ಬಂದದ್ದು ಮುಂದಿನ ಭಾನುವಾರ ಅವನೇ, ತಾಯಿಯ ಕೈ ಹಿಡಿದುಕೊಂಡು. ನಾಸಿಕದಿಂದ ಮಗನ ಮನೆಗೆ ಬಂದ ಆಕೆ ದಿನವಿಡೀ ನಾಲ್ಕು ಗೋಡೆ ನೋಡುತ್ತ ಕೂತಿರುತ್ತಿದ್ದಳಂತೆ. ಅವನ ಇನ್ನೊಂದು ಕೈಯಲ್ಲಿ ಹಸಿ ಸಂಡಿಗೆಯ ತಟ್ಟೆ. ಅಮ್ಮ ಹಪ್ಪಳಗಳನ್ನು ಬದಿಗೆ ಸರಿಸಿ ಅರ್ಧ ಸೀರೆ ಬಿಟ್ಟುಕೊಟ್ಟಳು, ಕೊಡೆಯನ್ನೂ ಅತ್ತ ವಾಲಿಸಿದಳು. ಚಹಾ ಕೊಡಲು ನಾನು ಮೇಲೆ ಹೋಗುವಷ್ಟರಲ್ಲಿ ಸೊಸೆಯಂದಿರ ವಿಷಯ ಶುರುವಾಗಿತ್ತು.

ಅಷ್ಟು ಎತ್ತರಕ್ಕೆ ಕಾಗೆ ಬರುತ್ತಲೇ ಇರಲಿಲ್ಲ. ಆದರೂ ಇಬ್ಬರೂ ಬಿಸಿಲು ಇಳಿಯುವವರೆಗೆ ಕೋಲು ಹಿಡಿದು ಕಾದರು. ಆಮೇಲೆ ಅಮ್ಮ ಸೀರೆ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, “ನಡಿ ಮಾರಾಯ, ಮನೆಗೆ ಹೋಗುವ” ಎಂದಳು.