ಕುರುಗೋಡಿನವರು ಹೇಳಿ ಕಳಿಸಿರಲಿಲ್ಲ

ಗಿರಿಜಾ, ನಿನ್ನ ಅಪ್ಪ ಸಿರುಗುಪ್ಪಕ್ಕೆ ಹೇಳಿ ಕಳಿಸಿರಲಿಲ್ಲ. ಹೇಳಿದವನು ನಾನು—ಅವರ ಹೆಸರಿನಲ್ಲಿ, ಅವರನ್ನು ಕೇಳದೆ.

ಎಂಬತ್ತೈದರ ಬೇಸಿಗೆ. ಎಂ.ಟೆಕ್. ಪರೀಕ್ಷೆಗೆಂದು ನೀನು, ವೀರೇಶ, ನಾನು ಬಳ್ಳಾರಿಯ ಪಾರ್ವತಿನಗರದ ನಮ್ಮ ಪಡಸಾಲೆಯಲ್ಲಿ ಓದುತ್ತಿದ್ದೆವು. ಕಂಪ್ಯೂಟರ್ ದೂರದ ಕಾಲೇಜಿನಲ್ಲಿ. ಡೇಟಾಬೇಸ್ ಎಂದರೆ ನಮಗೆ ಆಗ ಪುಸ್ತಕ, ಪೆನ್ಸಿಲ್, ನೆಲದ ಮೇಲಿನ ಸೀಮೆಸುಣ್ಣದ ಬಾಣಗಳು. ದಿನಕ್ಕೆ ಎಷ್ಟು ಪುಟ ಓದಿದೆವೆಂದು ನಾನು ದಿನಚರಿಯಲ್ಲಿ ಗುರುತು ಹಾಕುತ್ತಿದ್ದೆ. ನೀವಿಬ್ಬರೂ ಎಷ್ಟು ಸಲ ಪುಸ್ತಕ ಬಿಟ್ಟು ಮುಖ ನೋಡಿಕೊಂಡಿರೆಂದೂ—ಇರಲಿ.

ನಿಮ್ಮ ಮದುವೆಗೆ ಎರಡೂ ಮನೆಯಲ್ಲಿ ಒಪ್ಪಿಗೆಯಿತ್ತು. ತೊಡಕು ಒಂದೇ. ಕುರುಗೋಡಿನಲ್ಲಿ ನಿನ್ನ ಅಪ್ಪ, "ಗಂಡಿನ ಕಡ್ಯಾರು ಮೊದ್ಲು ಬರ್ಲಿ" ಎಂದು ಕುಳಿತಿದ್ದರು. ಸಿರುಗುಪ್ಪದಲ್ಲಿ ವೀರೇಶನ ಅಪ್ಪ, "ಹೆಣ್ಣಿನ ಕಡ್ಯಾರು ಕರೀಲಿ, ಹೋಗೂನು" ಎಂದು ಕುಳಿತಿದ್ದರು. ಹೀಗೇ ಐದು ತಿಂಗಳು.

ಆ ವಾರ ನಮ್ಮ ಪಾಠ ಡೆಡ್‌ಲಾಕ್. ಎರಡು ಕೆಲಸಗಳು; ಇದು ಹಿಡಿದಿಟ್ಟದ್ದು ಅದಕ್ಕೆ ಬೇಕು, ಅದು ಹಿಡಿದಿಟ್ಟದ್ದು ಇದಕ್ಕೆ. ಎರಡೂ ಬಿಡವು, ಕಾಯುತ್ತಲೇ ಇರುತ್ತವೆ. ನೀನು ಎರಡು ಸೊನ್ನೆ ಬರೆದು ಬಾಣ ಎಳೆದೆ. ವೀರೇಶ ಒಂದರೊಳಗೆ ಕುರುಗೋಡು, ಇನ್ನೊಂದರೊಳಗೆ ಸಿರುಗುಪ್ಪ ಎಂದು ಬರೆದ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನೀನು ನಗಲಿಲ್ಲ.

"ನಮ್ಮಪ್ಪ ನನ್ನ ಸಲುವಾಗಿ ಒಂದು ಹೆಜ್ಜಿ ಇಡಾವಲ್ಲ ಬಿಡ್ರಲೇ" ಎಂದು ಅಂಗೈಯಿಂದ ಬಾಣ ಒರೆಸಿದೆ.

ಪುಸ್ತಕದ ಪ್ರಕಾರ, ಎರಡರಲ್ಲಿ ಒಂದನ್ನು ಹಿಂದೆ ಸರಿಸಬೇಕು. ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿದೆ. "ಕುರುಗೋಡಿನಾರು ಹೇಳಿ ಕಳಿಸ್ಯಾರ್ರೀ, ಸೋಮವಾರ ಬರ್ರಿ ಅಂತ" ಎಂದೆ.

ವೀರೇಶನ ಅಪ್ಪ ತೊಡೆ ತಟ್ಟಿದರು. "ಬಂದ್ರು ನೋಡು ದಾರಿಗೆ!"

ಅಲ್ಲಿಂದ ಕುರುಗೋಡಿಗೆ. ಸಿರುಗುಪ್ಪದವರು ತಾವಾಗಿಯೇ ಬರುತ್ತಾರೆಂದೆ. ನಿನ್ನ ಅಪ್ಪ ಮೀಸೆ ತಿರುವಿದರು. "ಬರದ ಎಲ್ಲಿ ಹೋಗ್ತಾರ?" ಆಮೇಲೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, ದನಿ ತಗ್ಗಿಸಿ—ಅವರು ಅಂದದ್ದನ್ನು ಕೊನೆಗೆ ಹೇಳುತ್ತೇನೆ. ಅದನ್ನೇ ಮುಚ್ಚಿಟ್ಟದ್ದು ನಾನು.

ಸೋಮವಾರ ಕುರುಗೋಡಿನ ನಿಮ್ಮ ಮನೆಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ, ಬುಟ್ಟಿಗಟ್ಟಲೆ ನಗು. ಇಬ್ಬರು ಅಪ್ಪಂದಿರೂ ಗೆದ್ದವರ ಉದಾರತೆಯಿಂದ ಒಬ್ಬರ ತಟ್ಟೆಗೊಬ್ಬರು ಬಡಿಸಿದರು. ಅಷ್ಟು ಸಂತೋಷದ ಮನೆಯನ್ನು ನಾನು ಮತ್ತೆ ಕಂಡಿಲ್ಲ.

ನೀನು ನನ್ನನ್ನು ಹಿತ್ತಲಿಗೆ ಕರೆದೆ. "ಖರೇನ ನಮ್ಮಪ್ಪನ ಹೇಳಿ ಕಳಿಸಿದ್ನ?"

"ಹೂಂ."

ನೀನು ಒಳಗೆ ಓಡಿ ಅವರ ಪಾದ ಮುಟ್ಟಿದೆ. "ಏನಾತಲೇ ಹುಡುಗಿ ನಿನಗ?" ಎಂದು ಅವರು ಕಕ್ಕಾಬಿಕ್ಕಿಯಾಗಿ ನಕ್ಕರು.

ಮುಂದಿನ ವಾರದ ಪಾಠದಲ್ಲಿತ್ತು: ಖಾಯಂ ಆಗದ ಬರಹವನ್ನು ಇನ್ನೊಬ್ಬರಿಗೆ ಓದಿಸಬಾರದು, ಅದನ್ನು ನಂಬಿ ಅವರು ಮುಂದೆ ಕಟ್ಟುವುದೆಲ್ಲ ಸುಳ್ಳಿನ ಮೇಲೆ ನಿಲ್ಲುತ್ತದೆ. ನಾನು ಪುಸ್ತಕ ಮುಚ್ಚಿದೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಚೆನ್ನಾಗಿಯೇ ಬರೆದೆ—ನಾಚಿಕೆಗೇಡು.

ಮೂರು ವರ್ಷವಾಯಿತು. ಎರಡೂ ಮನೆಯವರು "ಅವ್ರ ಮೊದ್ಲು ಸೋತಾರ" ಎಂದು ಛೇಡಿಸಿಕೊಂಡದ್ದು, ನನ್ನ ಲೆಕ್ಕಕ್ಕೆ ಸಿಕ್ಕಂತೆ, ಇಪ್ಪತ್ತಮೂರು ಸಲ. ಭಾನುವಾರ ನಿನ್ನ ಮಗಳ ತೊಟ್ಟಿಲು. ಇಪ್ಪತ್ತನಾಲ್ಕನೆಯದು ಬರುವ ಮೊದಲು ಎಲ್ಲರೆದುರು ಎದ್ದುನಿಂತು ಹೇಳುತ್ತೇನೆ. ಆದರೆ ನಿನಗೆ ಇಂದೇ ಗೊತ್ತಿರಲಿ.

ಅಂದು ಬಾಗಿಲಲ್ಲಿ ನಿನ್ನ ಅಪ್ಪ ಗೂಟದ ಮೇಲಿನ ಇಸ್ತ್ರಿ ಅಂಗಿ ತೋರಿಸಿ ಅಂದಿದ್ದರು: "ಅವರು ಬರದಿದ್ರ ನಾಳಿ ನಾನ ಸಿರುಗುಪ್ಪಕ್ಕ ಹೋಗಾವ ಇದ್ನೆಪಾ. ಹುಡುಗಿ ಸೊರಗ್ಯಾಳ. ಯಾರಿಗೂ ಹೇಳಬ್ಯಾಡ."

ಅವರು ನಿನಗಾಗಿ ಹೆಜ್ಜೆ ಎತ್ತಿದ್ದರು, ಗಿರಿಜಾ. ಅದನ್ನು ಇಡಲು ಬಿಡದವನು ನಾನು.