ಆಸಿಡ್ ಬಿದ್ದ ಸೀರೆ

ಹೋದ ತಿಂಗಳು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಡುಬೀದಿಯಂಥ ಜಾಗದಲ್ಲಿ ನಾನು ಒಬ್ಬ ಹೆಂಗಸಿಗೆ ಸೀರೆ ಬಿಚ್ಚು ಎಂದೆ. ಅವಳು ಬಿಚ್ಚಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಆ ತಪ್ಪಿನ ಬಗ್ಗೆಯೇ ಈ ವಾರ ಬರೆಯುತ್ತಿದ್ದೇನೆ.

ಅವಳು ಸರಸ್ವತಿ, ನನ್ನ ಚಿಕ್ಕಮ್ಮನ ಮಗಳು. ಅನ್ನೂರು ಕಡೆ ಅವರದು ಮಗ್ಗದ ಮನೆ. ಮಗ್ಗ ನಿಂತ ಮೇಲೆ ಟೌನ್ ಬಸ್ ಹಿಡಿದು ಗಣಪತಿ ಎಂಬ ಬಡಾವಣೆಯ ಒಂದು ವರ್ಕ್‌ಶಾಪಿಗೆ ಕೆಲಸಕ್ಕೆ ಬರುತ್ತಿದ್ದಳು. ಪಂಪಿನ ಪಾರ್ಟುಗಳನ್ನು ಆಸಿಡ್‌ನಲ್ಲಿ ಅದ್ದಿ ತುಕ್ಕು ತೆಗೆಯುತ್ತಾರೆ. ಅವನ್ನು ಬ್ರಶ್ ಹಾಕಿ ಉಜ್ಜುವುದು ಅವಳ ಕೆಲಸ. ತುಡಿಯಲೂರಿನ ನಮ್ಮ ಮನೆಯ ಮೋಟಾರ್ ಕೆಟ್ಟಿತ್ತು. ಅದಕ್ಕೆ ಬೇಕಾದ ಪಾರ್ಟ್ ನಮ್ಮ ವರ್ಕ್‌ಶಾಪಿನಲ್ಲೇ ಸಿಗುತ್ತದೆ, ಬಾ ಎಂದು ಅವಳೇ ಕರೆದಿದ್ದಳು.

ನಾನು ಹೋಗಿ ಐದು ನಿಮಿಷವಾಗಿರಲಿಲ್ಲ. ಇಬ್ಬರು ಗಂಡಸರು ಒಂದು ದೊಡ್ಡ ನೀಲಿ ಕ್ಯಾನ್ ಹಿಡಿದು ತರುತ್ತಿದ್ದರು. ಒಬ್ಬನ ಕೈ ಜಾರಿತು, ಮುಚ್ಚಳ ಹಾರಿತು. ಕುಕ್ಕರುಗಾಲಲ್ಲಿ ಕುಳಿತಿದ್ದ ಸರಸ್ವತಿಯ ಸೊಂಟದಿಂದ ಕೆಳಗೆ ಆಸಿಡ್ ಸುರಿಯಿತು. ಉಳಿದದ್ದು ಸಿಮೆಂಟು ನೆಲದ ಮೇಲೆ ನೊರೆಯೆದ್ದು ಹರಿಯಿತು. ಮೂಗು, ಗಂಟಲು ಕಟ್ಟುವ ಹೊಗೆ.

ಫೋರ್‌ಮನ್ ಪಳನಿಸ್ವಾಮಿ ಕೆಲಸ ಬಲ್ಲವನು, ಅದನ್ನು ಹೇಳಲೇಬೇಕು. ಶಟರ್ ಪೂರ್ತಿ ಎತ್ತಿಸಿದ. ನೆಲಕ್ಕೆ ಬಕೆಟ್ಟಿನ ನೀರು ಎರಚಲು ಹೋದವನನ್ನು ತಡೆದ (ಸಿಡಿದು ಇನ್ನೊಬ್ಬರ ಕಣ್ಣಿಗೆ ಬಿದ್ದರೆ?). ಮೋರಿಗೆ ಹೋಗದಂತೆ ಮರಳಿನ ಒಡ್ಡು ಹಾಕಿಸಿದ. ಗ್ಲೌಸ್, ಬೂಟು ಹಾಕಿಕೊಂಡು ಅಂಚಿನಿಂದ ಸ್ವಲ್ಪಸ್ವಲ್ಪವೇ ಸೋಡಾ ಪುಡಿ ಉದುರಿಸಿದ. ನೆಲದ ಮಟ್ಟಿಗೆ ಎಲ್ಲವೂ ಪಾಠದಲ್ಲಿ ಇದ್ದ ಹಾಗೆಯೇ ನಡೆಯಿತು.

ಪಾಠ ನನಗೂ ಗೊತ್ತು. ರಿಟೈರ್ ಆಗುವ ತನಕ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸಿದವಳು ನಾನು. ಮೈಮೇಲೆ ಆಸಿಡ್ ಬಿದ್ದರೆ ನೀರು ಬಿಡುತ್ತಲೇ ಬಟ್ಟೆ ತೆಗೆಯಿರಿ, ಇಪ್ಪತ್ತು ನಿಮಿಷವಾದರೂ ನೀರು ನಿಲ್ಲಿಸಬೇಡಿ, ಪುಡಿ, ಮುಲಾಮು ಏನೂ ಹಚ್ಚಬೇಡಿ. ಎಷ್ಟು ಬ್ಯಾಚುಗಳಿಗೆ ಹೇಳಿದ್ದೇನೋ.

ಆಸಿಡ್ ಬಿದ್ದ ಕೂಡಲೇ ಸರಸ್ವತಿಯನ್ನು ಹೊರಗಿನ ನಲ್ಲಿಯ ಬಳಿಗೆ ಎಳೆದುಕೊಂಡು ಹೋಗಿ ಪೈಪ್ ಹಿಡಿದೆ. ಯಾರೋ ಅದೇ ಸೋಡಾ ಪುಡಿಯನ್ನು ಅವಳ ಕಾಲಿಗೆ ಹಾಕಲು ಬಂದರು. ಬೇಡ ಎಂದು ಕೈ ತಳ್ಳಿದೆ. ಅಲ್ಲಿಯವರೆಗೆ ನಾನು ಟೀಚರೇ.

"ಸೀರೆ ಬಿಚ್ಚು" ಎಂದೆ.

ಅವಳು ನೆರಿಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. "ಬೇಡಕ್ಕಾ. ಆಂಬಳೆಗಳೆಲ್ಲ ನಿಂತವ್ರೆ. ಸ್ವಲ್ಪ ಎರಿಚಲ್ ಅಷ್ಟೇ, ತಾಳ್ತೀನಿ."

(ಆಂಬಳೆ ಅಂದರೆ ಗಂಡಸು, ಎರಿಚಲ್ ಅಂದರೆ ಉರಿ. ತಲೆಮಾರುಗಳಿಂದ ತಮಿಳು ಸೀಮೆಯಲ್ಲಿರುವ ನಮ್ಮ ಮನೆಗಳ ಕನ್ನಡದಲ್ಲಿ ತಮಿಳು ಹೀಗೆ ಬೆರೆತಿದೆ. ಮೆಣಸಿನಕಾಯಿ ಹೆಚ್ಚಿದ ಕೈಗೂ ನಾವು ಎರಿಚಲ್ ಎನ್ನುತ್ತೇವೆ.)

ತಿರುಗಿ ನೋಡಿದೆ. ಆರೇಳು ಜನ. ಕೆಟ್ಟವರಲ್ಲ, ಗಾಬರಿಯಿಂದ ನಿಂತುಬಿಟ್ಟವರು. ಆ ಕಡೆ ತಿರುಗಿ ಎಂದಿದ್ದರೆ ತಿರುಗುತ್ತಿದ್ದರು. ನಾನು ಮಾಡಿದ್ದೇನು? ಪೈಪನ್ನು ಅವಳ ಕೈಗೆ ಕೊಟ್ಟು, ಮರೆ ಹಿಡಿಯಲು ಬೆಡ್‌ಶೀಟ್ ಕೇಳಿಕೊಂಡು ಪಕ್ಕದ ಮನೆಗೆ ಓಡಿದೆ. ಆ ಮನೆಯಾಕೆ ಬೀರು ತೆಗೆದು ಹಳೆಯದೊಂದನ್ನು ಹುಡುಕಿದರು. ನಾನು ಬಾಗಿಲಲ್ಲಿ ಕಾದೆ.

ವಾಪಸ್ ಬಂದಾಗ ನೀರು ಸೀರೆಯ ಮೇಲಷ್ಟೇ ಹರಿಯುತ್ತಿತ್ತು. ಒಳಲಂಗ ಆಸಿಡ್ ಹೀರಿಕೊಂಡು ತೊಡೆಗೆ ಅಂಟಿಕೊಂಡಿತ್ತು. ಮರೆಯಲ್ಲಿ ಅದನ್ನು ತೆಗೆಯುವಾಗ ಅವಳು ಕೂಗಲಿಲ್ಲ. ನನ್ನ ಭುಜ ಹಿಡಿದುಕೊಂಡಿದ್ದಳು. ಆ ಉಗುರಿನ ಗುರುತು ನಾಲ್ಕು ದಿನ ಇತ್ತು.

ಬಟ್ಟೆ ಎಷ್ಟು ಹೊತ್ತು ಮೈಮೇಲಿತ್ತು ಎಂದು ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು. ಹತ್ತು ನಿಮಿಷ ಇರಬಹುದು ಎಂದೆ. ಅವರು ನನ್ನ ಮುಖ ನೋಡಿ ಬರೆದುಕೊಂಡರು.

ಎರಡೂ ತೊಡೆಗೆ ಬೆನ್ನಿನ ಚರ್ಮ ತೆಗೆದು ಹಾಕಿದ್ದಾರೆ. ಕುಕ್ಕರುಗಾಲಲ್ಲಿ ಕೂರುವ ಕೆಲಸ ಇನ್ನು ಅವಳಿಂದ ಆಗುವುದಿಲ್ಲ.

ವರ್ಕ್‌ಶಾಪಿನ ನಲ್ಲಿಯ ಪಕ್ಕ ಓನರ್ ಈಗ ಒಂದು ಬೋರ್ಡ್ ಹಾಕಿಸಿದ್ದಾರೆ. ಆಸಿಡ್ ಬಿದ್ದರೆ ತಕ್ಷಣ ಬಟ್ಟೆ ತೆಗೆಯಬೇಕು ಎಂದು ದೊಡ್ಡ ತಮಿಳು ಅಕ್ಷರಗಳಲ್ಲಿದೆ. ಎಲ್ಲಿ ತೆಗೆಯಬೇಕು? ಅದನ್ನು ಬರೆದಿಲ್ಲ. ಒಂದು ಕಂಬಿ, ಒಂದು ಟಾರ್ಪಾಲಿನ್, ಒಂದು ನೈಟಿ ಇಟ್ಟರೆ ಸಾಕು ಎಂದೆ. ಹೆಂಗಸರು ಯಾರೂ ಕೇಳಿಲ್ಲವಲ್ಲ ಎಂದರು. ಕೇಳುತ್ತಾರೆಯೇ?

ಮೊನ್ನೆ ಆಸ್ಪತ್ರೆಗೆ ಹೋದಾಗ ಸರಸ್ವತಿ ನನ್ನನ್ನು ಹತ್ತಿರ ಕರೆದಳು. ನರ್ಸ್ ಆಚೆ ಹೋಗುವ ತನಕ ಕಾದು, ಮೆಲ್ಲಗೆ ಕೇಳಿದಳು. "ಅಕ್ಕಾ, ಅವತ್ತು ಯಾರಾದ್ರೂ ನೋಡ್ಬಿಟ್ರಾ?"

ಇಲ್ಲ ಎಂದೆ. ಅವಳ ಮುಖ ಎಷ್ಟೋ ದಿನದ ಮೇಲೆ ಹಗುರಾಯಿತು.

ಚರ್ಮ ಹೋದರೂ ಸರಿ, ಸೀರೆ ಇರಬೇಕು ಎಂದು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬಳಲ್ಲವೇ?